ಪುಸ್ತಕದಲ್ಲಿ ಒಂದೇ ಕಾಲಂ: ‘ತಾಟೆ ಮರಿ’ ಬಗ್ಗೆ ಒಂದು ಬಹಿರಂಗ ಪತ್ರ

ಕರಾವಳಿಯ ಮೀನುಗಾರಿಕೆ ಅಧಿಕಾರಿಗಳಿಗೆ, ಬೋಟ್ ಮಾಲೀಕರ ಸಂಘಗಳ ಹಿರಿಯರಿಗೆ, ಹಾಗೇ ದಿನಾ ಬೆಳಿಗ್ಗೆ ಹರಾಜಲ್ಲಿ ನನ್ನ ಪಕ್ಕ ನಿಲ್ಲೋ ಎಲ್ಲರಿಗೂ,

ಮಾನ್ಯರೇ,

ನಂಗೆ ಬೋಟಿಲ್ಲ, ಬಲೆ ಇಲ್ಲ, ಓದಿದ್ದೂ ಕಾಮರ್ಸ್. ಬಂದರಲ್ಲಿ ಒಬ್ರು ಕಮಿಷನ್ ಏಜೆಂಟ್ ಹತ್ರ ಲೆಕ್ಕ ಬರೀತೀನಿ, ಹನ್ನೊಂದು ವರ್ಷ ಆಯ್ತು. ಯಾವ ಬಂದರು ಅಂತ ಇಲ್ಲಿ ಹೇಳಲ್ಲ, ಹೇಳಿದ್ರೆ ಓ ಅದು ಅವ್ರ ಬಂದರಿನ ವಿಷ್ಯ ಅಂತ ಉಳಿದವ್ರೆಲ್ಲ ಕೈ ತೊಳ್ಕೊಂಡು ಬಿಡ್ತಾರೆ. ನಾನು ಕೆಲ್ಸದ ಮೇಲೆ ಹೋಗಿ ನೋಡಿದ ನಾಲ್ಕೈದು ಕಡೆಯೂ ಪುಸ್ತಕ ಬರೆಯೋ ರೀತಿ ಒಂದೇ, ತಾಟೆ ಅಂದ್ರೆ ಶಾರ್ಕ್, ಯಾವ ಜಾತಿಯ ಸಣ್ಣ ತಾಟೆ ಬಂದ್ರೂ ಒಂದೇ ಕಾಲಮ್ಮಿಗೆ, ಅದ್ಕೇ ಈ ಪತ್ರ ಎಲ್ಲರಿಗೂ. ದೂರಿನಲ್ಲಿ ಮೊದಲ ಹೆಸ್ರು ನಂದೇ, ಯಾಕಂದ್ರೆ ಆ ಪುಸ್ತಕ ಬರೆಯೋಳು ನಾನೇ.

ಕಳೆದ ವರ್ಷ ನವರಾತ್ರಿ ಮುಗಿದ ವಾರ. ಒಂಬತ್ತು ದಿನ ಮೀನು ಬಿಟ್ಟ ಜನ ಒಟ್ಟಿಗೇ ಮಾರ್ಕೆಟಿಗೆ ಬರ್ತಾರಲ್ಲ, ಆ ರಶ್ಶಲ್ಲಿ ಒಂದು ಟ್ರಾಲ್ ಬೋಟಿಂದ ಕ್ರೇಟ್ ಇಳೀತಾ ಇತ್ತು. ಸಿಗಡಿ ಆಯ್ತು, ಬೊಂಡಾಸ್ ಆಯ್ತು, ಕೊನೇಲಿ ಒಂದು ಕ್ರೇಟ್ ತುಂಬ ಸಣ್ಣ ತಾಟೆ. ಕೂಗಿದ್ರು, ತೂಗಿದ್ರು, ನಾನು ಯಾವಾಗ್ಲೂ ಬರೆಯೋ ಹಾಗೆ ‘ತಾಟೆ ಮರಿ’ ಅಂತ ಬರೆದು ಮುಂದೆ ಕಿಲೋ ಹಾಕ್ದೆ. ಅವತ್ತು ನನ್ನ ಅಮ್ಮ ಮನೆಗೆ ಮೀನು ತಗೊಂಡು ಹೋಗೋಕೆ ಬಂದಿದ್ರು. ಅಮ್ಮ ಮೂವತ್ತು ವರ್ಷ ತಲೆ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವ್ರು, ಈಗ ಮಂಡಿ ಬರಲ್ಲ, ಆದ್ರೆ ಕಣ್ಣು ಇನ್ನೂ ಚುರುಕು. ಕ್ರೇಟಲ್ಲಿ ಕೈ ಹಾಕಿ ಒಂದನ್ನ ಎತ್ತಿ ಹೊಟ್ಟೆ ಮೇಲೆ ಮಾಡಿ ನಂಗೆ ತೋರ್ಸಿದ್ರು. “ಹೆಣ್ಣೆ, ಇದ್ರ್ ಹೊಕ್ಳ್ ಇನ್ನೂ ಒಣಗ್ಲಿಲ್ಲ ಕಾಣ್” ಅಂದ್ರು.

ನೋಡಿದ್ರೆ ಹೌದು. ಎದೆ ಕಡೆಯ ಎರಡು ರೆಕ್ಕೆ ಮಧ್ಯದಲ್ಲಿ ಒಂದು ಸಣ್ಣ ಸೀಳು, ಕೆಂಪಗೆ. ಮೀನಿಗೆ ಹೊಕ್ಕುಳು ಇರತ್ತೆ ಅಂತ ಹನ್ನೊಂದು ವರ್ಷ ಮೀನಿನ ಲೆಕ್ಕ ಬರೆದ ನಂಗೆ ಗೊತ್ತಿರ್ಲಿಲ್ಲ ಅಂತ ಹೇಳೋಕೆ ನಾಚಿಕೆ ಆಗತ್ತೆ. ಆಮೇಲೆ ಅಮ್ಮ ಅದೇ ಕ್ರೇಟಿಂದ ಇನ್ನೊಂದು ಎತ್ತಿದ್ರು, ಹೆಚ್ಚು ಕಮ್ಮಿ ಅಷ್ಟೇ ಉದ್ದ, ಮೂತಿ ಮಾತ್ರ ಚಪ್ಪಟೆ, ಗಾರೆ ಕೆಲ್ಸದ ಕರಣೆ ಥರ. ಅದ್ರ ಹೊಟ್ಟೆ ಒತ್ತಿ ಇದು ಬಸರಿ ಅಂದ್ರು. ಒಂದೇ ಕ್ರೇಟು, ಒಂದೇ ಉದ್ದ, ಒಂದು ಹುಟ್ಟಿ ಎರಡು ಮೂರು ವಾರದ ಕೂಸು, ಇನ್ನೊಂದು ಮರಿ ಹಾಕೋಕೆ ತಯಾರಾದ ತಾಯಿ, ನನ್ನ ಪುಸ್ತಕದಲ್ಲಿ ಎರಡೂ ‘ತಾಟೆ ಮರಿ’.

ಆ ದಿನದಿಂದ ನಾನು ಸ್ವಲ್ಪ ಓದ್ದೆ, ಬಂದರಿಗೆ ಸ್ಯಾಂಪಲ್ ತಗೊಳ್ಳೋಕೆ ಬರೋ ಹುಡುಗ್ರನ್ನ ಕೇಳ್ದೆ, ಬೋಟ್ ನಡೆಸೋ ತಂಡೇಲರ ತಲೆ ತಿಂದೆ. ಗೊತ್ತಾಗಿದ್ದನ್ನ ಬರೀತೀನಿ, ಇದನ್ನ ಓದೋ ಅಧಿಕಾರಿಗಳಿಗೆ ಗೊತ್ತಿರಬಹುದು, ಆದ್ರೆ ಹರಾಜು ಕಟ್ಟೆ ಮೇಲೆ ನಿಂತವ್ರಿಗೆ ಯಾರೂ ಹೇಳಿಲ್ಲ.

ಆ ಕರಣೆ ಮೂತಿಯದ್ದು ಪೂರ್ತಿ ಬೆಳೆದ್ರೂ ಎರಡೂವರೆ ಅಡಿ ದಾಟೋದು ಕಷ್ಟ. ಸ್ಕೋಲಿಯೋಡಾನ್ ಅಂತ ಅದ್ರ ಪುಸ್ತಕದ ಹೆಸ್ರು. ಹುಟ್ಟುವಾಗ ಗೇಣಿಗಿಂತ ಸಣ್ಣ, 15 ಸೆಂಟಿಮೀಟರ್ ಆಸುಪಾಸು, 35 ಸೆಂಟಿಮೀಟರ್ ಹೊತ್ತಿಗೆಲ್ಲ ಬಲಿತು ಮರಿ ಹಾಕೋಕೆ ಶುರು. ಅದ್ರ ಮೊಟ್ಟೆ ಸಾಸಿವೆ ಕಾಳಿನಷ್ಟೂ ಇರಲ್ಲ, ಒಂದು ಮಿಲಿಮೀಟರ್, ಅದ್ರಲ್ಲಿ ಮರಿಗೆ ಬೇಕಾದ ಆಹಾರ ಏನೂ ಇಲ್ಲ, ಹಾಗಾಗಿ ತಾಯಿ ಹೊಟ್ಟೆಯೊಳಗೆ ಹೊಕ್ಕುಳ ಬಳ್ಳಿ ಮೂಲಕನೇ ಉಣಿಸ್ತಾಳೆ, ನಮ್ಮ ಹಾಗೇ. ಐದಾರು ತಿಂಗಳ ಬಸಿರು, ಒಂದು ಸಲಕ್ಕೆ ಆರರಿಂದ ಹದಿನೆಂಟು ಮರಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಸಣ್ಣ ತಾಟೆ ಅಂದ್ರೆ ತುಂಬಾ ಸಲ ಇದೇ.

ಈಗ ಸುತ್ತಿಗೆ ತಲೆಯದ್ದು ತಗೊಳ್ಳಿ. ಅದು ಹುಟ್ಟುವಾಗಲೇ ಒಂದೂವರೆ ಅಡಿ, 40ರಿಂದ 55 ಸೆಂಟಿಮೀಟರ್. ಅಂದ್ರೆ ಅದ್ರ ಕೂಸು ಈ ಕರಣೆ ಮೂತಿಯ ಅಜ್ಜಿಯಷ್ಟು ಉದ್ದ. ಆ ಹೆಣ್ಣು ಕೂಸು ಮುಂದೆ ತಾನು ಮರಿ ಹಾಕ್ಬೇಕಂದ್ರೆ ಆರೇಳು ಅಡಿ ಬೆಳೀಬೇಕು, ಅದಕ್ಕೆ ಹತ್ತು ವರ್ಷಕ್ಕಿಂತ ಜಾಸ್ತಿ ಬೇಕು. ಜಗತ್ತಿನಲ್ಲೇ ಅಳಿದು ಹೋಗೋ ಅಂಚಲ್ಲಿದೆ ಅಂತ ಪ್ರಕೃತಿ ಉಳಿಸೋ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ತನ್ನ ಪಟ್ಟಿಯಲ್ಲಿ ಹಾಕಿದ ಜಾತಿ ಅದು. ಅದೇ ಥರ ರೆಕ್ಕೆ ತುದಿ ಕಪ್ಪಿರೋದು, ಅದೂ ಹುಟ್ಟುವಾಗಲೇ ಎರಡಡಿ ಹತ್ರ. ಇವೆಲ್ಲ ನಮ್ಮ ಕ್ರೇಟಲ್ಲಿ ಒಟ್ಟಿಗೆ ಬೀಳತ್ತೆ, ಒಟ್ಟಿಗೆ ತೂಕ ಆಗತ್ತೆ.

ಬೂತಾಯಿ ಲೆಕ್ಕಾನೇ ಬೇರೆ. ಒಂದು ಬೂತಾಯಿ ಸಾವಿರಾರು ಮೊಟ್ಟೆ ಬಿಟ್ಟು ತನ್ನ ಪಾಡಿಗೆ ಹೋಗತ್ತೆ, ಒಂದು ವರ್ಷ ಕೈಕೊಟ್ರೂ ಇನ್ನೊಂದು ವರ್ಷ ದಂಡೆ ತುಂಬ ಬಂದು ಬೀಳತ್ತೆ, ನಾವೇ ನೋಡಿದ್ದೀವಿ. ತಾಟೆ ಹಾಗಲ್ಲ, ಅದ್ರ ಸಂಸಾರ ನಮ್ಮ ಸಂಸಾರದ ಥರ, ಎಣಿಸಿ ಮುಗಿಸೋವಷ್ಟೇ ಮಕ್ಕಳು. ಬಾಣಂತಿಗೆ ಕೊಡ್ತೀವಲ್ಲ ಆ ತಾಟೆ, ಅದು ಹತ್ತಿರ ಹತ್ತಿರ ಒಂದು ವರ್ಷ ಹೊಟ್ಟೆಯಲ್ಲಿಟ್ಕೊಂಡು ಕೊನೆಗೆ ಹಾಕೋದು ಎರಡೋ ಐದೋ ಮರಿ.

ಬಾಣಂತಿ ಅಂದೆನಲ್ಲ, ಅದ್ನೂ ಹೇಳಿಬಿಡ್ತೀನಿ. ನನ್ನ ಮಗಳು ಹುಟ್ಟಿದಾಗ ಅಮ್ಮ ನಲವತ್ತು ದಿನದಲ್ಲಿ ಎಷ್ಟು ಸಲ ತಾಟೆ ಸಾರು ಮಾಡಿದ್ರೋ ಲೆಕ್ಕ ಇಲ್ಲ. ಬಿಸಿನೀರಲ್ಲಿ ಅದ್ದಿ ಮರಳಿನ ಥರ ಇರೋ ಚರ್ಮ ಉಜ್ಜಿ ತೆಗೆದು, ವಾಸನೆ ಹೋಗೋಕೆ ಅರಿಶಿನ ಹುಳಿ ಹಾಕಿ, ಕಾಳುಮೆಣಸು ಬೆಳ್ಳುಳ್ಳಿ ಜಾಸ್ತಿ ಬಿಟ್ಟು. (ಆ ಮೂಗಿಗೆ ಹೊಡೆಯೋ ವಾಸನೆ ಯಾಕಂದ್ರೆ ತಾಟೆ ರಕ್ತ ಮಾಂಸದಲ್ಲೆಲ್ಲ ಯೂರಿಯಾ ಇಟ್ಕೊಂಡಿರತ್ತೆ, ಸತ್ತ ಮೇಲೆ ಅದು ಅಮೋನಿಯಾ ಆಗತ್ತೆ. ಐಸ್ ಸರಿ ಹಾಕದ ಬೋಟಿನ ತಾಟೆ ಕ್ರೇಟು ಬಂತು ಅಂದ್ರೆ ನಂಗೆ ಪುಸ್ತಕ ಬಿಟ್ಟು ಓಡ್ಬೇಕು ಅನ್ಸತ್ತೆ.) ಹಾಲು ಚೆನ್ನಾಗಿ ಬರತ್ತೆ ಅನ್ನೋ ನಂಬಿಕೆ, ನಮ್ಮ ದೇಶದ ಈ ನಂಬಿಕೆಯಿಂದಲೇ ಆ ಜಾತಿಗೆ ಇಂಗ್ಲಿಷಲ್ಲೂ ಮಿಲ್ಕ್ ಶಾರ್ಕ್ ಅಂತ ಹೆಸ್ರು ಬಂದಿದ್ದಂತೆ. ಹಾಗಾಗಿ ತಾಟೆ ತಿನ್ಬೇಡಿ ಅಂತ ಯಾರಾದ್ರೂ ಹೊರಗಿನವ್ರು ಬಂದು ಪಾಠ ಹೇಳಿದ್ರೆ ನಂಗೂ ಸಿಟ್ಟು ಬರತ್ತೆ, ಅದು ನಮ್ಮ ಅಡುಗೆಮನೆಯ ಮೀನು. ಆದ್ರೆ ಇನ್ನೊಂದು ವಿಷ್ಯ ಕೂಡ ನಿಜ, ದೊಡ್ಡ ತಾಟೆ ಮಾಂಸದಲ್ಲಿ ಪಾದರಸ ಸೇರ್ಕೊಂಡಿರತ್ತೆ, ಅಮೆರಿಕದ ಆಹಾರ, ಔಷಧಿ ಇಲಾಖೆ ಎಫ್‌ಡಿಎಯವ್ರು ಬಸುರಿಯರು, ಹಾಲುಣಿಸೋರು ಶಾರ್ಕ್ ತಿನ್ನಲೇಬೇಡಿ ಅಂತ ಪಟ್ಟಿ ಮಾಡಿದ್ದಾರೆ. ಸಣ್ಣದ್ರಲ್ಲಿ ಕಡಿಮೆ ಇರತ್ತೆ. ಈ ಒಂದು ಮಾತನ್ನ ಹೆರಿಗೆ ಆದ ಮನೆಗಳಿಗೆ ಹೋಗೋ ಆಶಾ ಕಾರ್ಯಕರ್ತೆಯರ ಕಿವಿಗಾದ್ರೂ ಯಾರಾದ್ರೂ ಹಾಕ್ಬೇಕಿತ್ತು, ನಂಗಂತೂ ಯಾರೂ ಹೇಳ್ಲಿಲ್ಲ.

ಮೊದ್ಲು ತಾಟೆ ಬಾಣಂತಿ ಮನೆಗೆ, ಒಣಮೀನಿಗೆ, ಇಷ್ಟೇ ಹೋಗ್ತಿತ್ತು. ಈಗ ಹೋಟೆಲಿನವ್ರು ಫೋನ್ ಮಾಡಿ ಕೇಳೋದೇ ‘ಬೇಬಿ ಶಾರ್ಕ್’ ಇದ್ಯಾ ಅಂತ. ಟೂರಿಸ್ಟ್‌ಗಳಿಗೆ ಪ್ಲೇಟಲ್ಲಿ ಇಡಿಯಾಗಿ ಬಂದ್ರೆ ಫೋಟೋಕ್ಕೆ ಚೆನ್ನಾಗಿರತ್ತೆ, ಮೆತ್ತಗೂ ಇರತ್ತೆ. ರೇಟು ಬರೆಯೋಕೆ ಹೋಗಲ್ಲ, ದಿನಕ್ಕೊಂದು ಇರತ್ತೆ, ಆದ್ರೆ ಹಿಂದೆ ಹರಾಜಿನ ಕೊನೆಗೆ ಉಳೀತಿದ್ದ ಕ್ರೇಟಿಗೆ ಈಗ ಮೊದಲೇ ಜನ ಕಾಯ್ತಾರೆ ಅನ್ನೋದು ನಾನು ಕಣ್ಣಾರೆ ನೋಡಿದ್ದು. ತೀರಾ ಸಣ್ಣದಾದ್ರೆ ಕಸ ಮೀನಿನ ರಾಶಿಗೆ, ಅಲ್ಲಿಂದ ಫಿಶ್‌ಮೀಲ್ ಲಾರಿಗೆ. ಅಲ್ಲಿಗೆ ಹೋದದ್ದಕ್ಕೆ ‘ತಾಟೆ ಮರಿ’ ಅನ್ನೋ ಹೆಸ್ರೂ ಇಲ್ಲ.

ಇಲ್ಲಿ ತಂಡೇಲರು, ಬೋಟಲ್ಲಿ ದುಡಿಯೋ ಕಲಾಸಿಗಳು ಸಿಟ್ಟಾಗೋ ಮುಂಚೆ ಹೇಳ್ತೀನಿ, ಈ ದೂರು ನಿಮ್ಮ ಮೇಲಲ್ಲ. ಟ್ರಾಲ್ ಬಲೆಗೆ ಕಣ್ಣಿದೆಯೇ ಹೊರತು ಬುದ್ಧಿ ಇಲ್ಲ, ಬಂದದ್ದೆಲ್ಲ ಎಳ್ಕೊಂಡು ಬರತ್ತೆ. ಡೀಸೆಲ್ ಸಾಲ, ಐಸಿನ ಸಾಲ ನನ್ನ ಪುಸ್ತಕದಲ್ಲೇ ಇದೆ, ಯಾರ ಮನೆ ಹೇಗಿದೆ ಅಂತ ನಂಗೆ ಗೊತ್ತು. ತಾಟೆ ಅಂತಲೇ ಬಲೆ ಬಿಡೋರು ನಮ್ಮಲ್ಲಿ ಕಡಿಮೆ, ಸಿಗಡಿಗೆ ಹೋದಾಗ ಬರೋದೇ ಜಾಸ್ತಿ.

ಸಿಟ್ಟು ನಂಗೆ ಮೇಲಿನಿಂದ ಬರೋ ಕಾನೂನಿನ ರೀತಿ ಮೇಲೆ, ಅದೂ ನನ್ನ ಪುಸ್ತಕದ ಥರಾನೇ, ಒಂದೇ ಕಾಲಂ. 2001ರ ಜುಲೈಯಲ್ಲಿ ಕೇಂದ್ರ ಸರ್ಕಾರ ಎಲ್ಲಾ ತಾಟೆ, ಎಲ್ಲಾ ತೊರಕೆ (ಚಪ್ಪಟೆ ಮೈಯ ರೇ ಮೀನು) ಒಟ್ಟಿಗೆ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲಿಗೆ ಹಾಕ್ತು, ಅಂದ್ರೆ ಹುಲಿ ಕೊಂದ ಲೆಕ್ಕ. ಕರಾವಳಿಯ ಜನ ಗಲಾಟೆ ಮಾಡಿದ್ಮೇಲೆ ಅದೇ ವರ್ಷ ಡಿಸೆಂಬರಲ್ಲಿ ಹತ್ತೇ ಜಾತಿಗೆ ಇಳಿಸಿದ್ರು. ಐದು ತಿಂಗಳಲ್ಲಿ ಎಲ್ಲದಕ್ಕೂ ಜೈಲು ಅನ್ನೋದ್ರಿಂದ ಹತ್ತು ಬಿಟ್ಟು ಉಳಿದದ್ದಕ್ಕೆ ಏನೂ ಇಲ್ಲ ಅನ್ನೋದಕ್ಕೆ ಆಗ ಬಂದು ನಿಂತ್ವು. ಆಮೇಲೆ 2013ರಲ್ಲಿ ರೆಕ್ಕೆ ಮೈಗೆ ಅಂಟ್ಕೊಂಡೇ ಇರ್ಬೇಕು, ರೆಕ್ಕೆ ಕುಯ್ದು ಮೈ ಸಮುದ್ರಕ್ಕೆ ಬಿಸಾಕೋ ಹಾಗಿಲ್ಲ ಅಂತ ಬಂತು, 2015ರಲ್ಲಿ ರೆಕ್ಕೆ ಎಕ್ಸ್‌ಪೋರ್ಟೇ ಬ್ಯಾನ್ ಆಯ್ತು. ಒಳ್ಳೇದೇ. ಆದ್ರೆ ಒಂದೂವರೆ ಅಡಿ ಕೂಸನ್ನ ಯಾರೂ ರೆಕ್ಕೆಗೋಸ್ಕರ ಹಿಡಿಯಲ್ಲ ಸ್ವಾಮಿ, ಅದು ಇಡಿಯಾಗಿ ಪ್ಲೇಟಿಗೆ ಹೋಗತ್ತೆ. 2022ರ ನವೆಂಬರಲ್ಲಿ ಪನಾಮಾದಲ್ಲಿ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟಿಸ್ ಒಪ್ಪಂದದ ಸಭೆಯಲ್ಲಿ, ಈ ಸಣ್ಣ ತಾಟೆಗಳು ಸೇರಿದ ಇಡೀ ಕುಟುಂಬವನ್ನೇ ಎರಡನೇ ಪಟ್ಟಿಗೆ ಹಾಕಿದ್ರು, ಅದೂ ದೇಶ ದಾಟಿ ಹೋಗೋ ವ್ಯಾಪಾರಕ್ಕೆ ಮಾತ್ರ. ನಮ್ಮ ಬಂದರಿಂದ ನಮ್ಮ ಪೇಟೆಗೆ ಹೋಗೋ ಕ್ರೇಟಿಗೆ ಅದ್ರಿಂದ ಏನೂ ಬದಲಾಗಿಲ್ಲ.

ಕೆಲವ್ರು ಹೇಳ್ತಾರೆ ಬಲೆ ಕಣ್ಣು ದೊಡ್ಡದು ಮಾಡಿಸಿದ್ರೆ ಮರಿ ತಪ್ಪಿಸ್ಕೊಳ್ಳತ್ತೆ ಅಂತ. ಬಂಗುಡೆ ಮರಿಗೆ ಸರಿ. ಬಲೆ ಕೊನೆಯ ಚೀಲದ ಕಣ್ಣು 35 ಮಿಲಿಮೀಟರ್ ಮಾಡಿ ಬೇಕಾದ್ರೆ ಅದ್ರ ಡಬಲ್ ಮಾಡಿ, 45 ಸೆಂಟಿಮೀಟರ್ ಉದ್ದದ ಸುತ್ತಿಗೆ ತಲೆ ಕೂಸು, ಅದೂ ಆ ಅಗಲ ತಲೆ ಇಟ್ಕೊಂಡು, ಯಾವ ಕಣ್ಣಲ್ಲಿ ಹೊರಗೆ ಹೋಗತ್ತೆ? ಇನ್ನು ಎಳೆದು ತಂದ ಮೇಲೆ ವಾಪಸ್ ಬಿಡೋದೂ ಅದಕ್ಕೆ ಉಪಯೋಗ ಇಲ್ಲ, ಈಜ್ತಾ ಇದ್ರೆ ಮಾತ್ರ ಉಸಿರಾಡೋ ಜಾತಿ, ಬಲೆಯೊಳಗೇ ಜೀವ ಹೋಗಿರತ್ತೆ. ಅಂದ್ರೆ ಅದನ್ನ ಉಳಿಸ್ಬೇಕಂದ್ರೆ ಅದು ಹುಟ್ಟೋ ಜಾಗದಲ್ಲಿ, ಹುಟ್ಟೋ ತಿಂಗಳಲ್ಲಿ ಬಲೆ ಬೀಳದ ಹಾಗೆ ನೋಡ್ಕೊಳ್ಳೋದೊಂದೇ ದಾರಿ. ತಾಯಿ ತಾಟೆಗಳು ಮರಿ ಹಾಕೋಕೆ ದಡದ ಹತ್ರ ಆಳ ಕಮ್ಮಿ ಇರೋ ನೀರಿಗೆ, ಅಳಿವೆ ಬಾಯಿಗಳ ಹತ್ರ ಬರ್ತಾವೆ, ಅಲ್ಲಿ ದೊಡ್ಡ ತಾಟೆಗಳ ಕಾಟ ಕಮ್ಮಿ, ಮರಿಗೆ ತಿನ್ನೋಕೆ ಸಣ್ಣ ಮೀನು ಸಿಗಡಿ ಜಾಸ್ತಿ. ನಮ್ಮಲ್ಲಿ ಅಳಿವೆಗಳಿಗೆ ಬರವೇ, ಕಾಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿ, ನೇತ್ರಾವತಿ. ಯಾವ ಅಳಿವೆ, ಯಾವ ತಿಂಗಳು ಅಂತ ಮಾತ್ರ ಗೊತ್ತಾಗ್ಬೇಕು. ಜೂನ್ ಒಂದರಿಂದ ಜುಲೈ 31ರ ತನಕ 61 ದಿನ ಹೇಗೂ ಬೋಟ್ ನಿಲ್ಲತ್ತೆ, ಆ 61 ದಿನದಲ್ಲೇ ತಾಟೆ ಹೆರಿಗೆನೂ ಮುಗಿಯತ್ತೆ ಅಂತ ಅಂದ್ಕೊಂಡು ಕೂತ್ರೆ ಆಗಲ್ಲ. ನವರಾತ್ರಿ ಕಳೆದ ಮೇಲೆ ಹೊಕ್ಕುಳು ಒಣಗದ ಕೂಸನ್ನ ಅಮ್ಮ ಕೈಯಲ್ಲಿ ಹಿಡಿದು ತೋರಿಸಿದ್ರಲ್ಲ.

ಇದು ಗೊತ್ತಾಗೋದು ಹೇಗೆ? ಕೇಂದ್ರದ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐಯವ್ರು ಬಂದರಿಗೆ ಬಂದು ಜಾತಿ ನೋಡಿ ಅಳತೆ ತಗೊಂಡು ಹೋಗ್ತಾರೆ, ಚೆನ್ನಾಗಿ ಮಾಡ್ತಾರೆ, ಆದ್ರೆ ದಿನಾ ಎಲ್ಲಾ ಬೋಟಿನ ಹತ್ರ ನಿಲ್ಲೋಕೆ ಅಷ್ಟು ಜನ ಎಲ್ಲಿದ್ದಾರೆ. ದಿನಾ ಎಲ್ಲಾ ಬೋಟಿನ ಹತ್ರ ನಿಲ್ಲೋರು ನಾವು, ಲೆಕ್ಕ ಬರೆಯೋರು. ಅದ್ಕೇ ನನ್ನ ಮೊದಲ ಕೇಳಿಕೆ ತುಂಬಾ ಸಣ್ಣದು, ದುಡ್ಡೂ ಬೇಡ. ಹರಾಜಿನ ಪುಸ್ತಕದಲ್ಲಿ, ನೀವು ನಮ್ಮಿಂದ ತಗೊಳ್ಳೋ ಫಾರಮ್ಮಿನಲ್ಲಿ ‘ತಾಟೆ’ ಅನ್ನೋ ಒಂದು ಕಾಲಮ್ಮನ್ನ ನಾಲ್ಕು ಮಾಡಿ. ಕರಣೆ ಮೂತಿ, ಬಾಣಂತಿ ತಾಟೆ, ಸುತ್ತಿಗೆ ತಲೆ, ಉಳಿದವು. ಮುಂದೆ ಒಂದು ಗೀಟು, ಹೊಕ್ಕುಳು ಗುರುತು ಇದೆಯೋ ಇಲ್ವೋ ಅಂತ. ಸುತ್ತಿಗೆ ತಲೆಯನ್ನ ನೋಡಿದ್ರೆ ಎಲ್‌ಕೆಜಿ ಮಗು ಹೇಳತ್ತೆ. ಗಂಡಾದ್ರೆ ಇನ್ನೂ ಸುಲಭ, ಹೊಟ್ಟೆ ಕೆಳಗಿನ ರೆಕ್ಕೆ ಹತ್ರ ಎರಡು ಕಡ್ಡಿ ಥರ ಇರತ್ತೆ, ಅದು ಗಟ್ಟಿ ಇದ್ರೆ ಬಲಿತದ್ದು, ಮೆತ್ತಗೆ ಬಗ್ಗಿದ್ರೆ ಮರಿ. ಅಷ್ಟು ನೋಡೋಕೆ ಒಂದು ಕ್ರೇಟಿಗೆ ಎರಡು ನಿಮಿಷ ಸಾಕು, ನಾನು ಮಾಡಿ ನೋಡಿದ್ದೀನಿ.

ಹರಾಜು ಕಟ್ಟೆ ಗೋಡೆ ಮೇಲೆ ಒಂದು ದೊಡ್ಡ ಚಿತ್ರಪಟ ಹಾಕಿ, ಅಸಲಿ ಅಳತೆಯಲ್ಲಿ, ಹೆಸ್ರು ನಮ್ಮ ಬಾಯಲ್ಲಿ ಬರೋ ಥರ ಇರ್ಲಿ, ತುಳುವಲ್ಲಿ, ಕುಂದಾಪುರ ಕನ್ನಡದಲ್ಲಿ, ಕಾರವಾರದ ಕಡೆ ಮೋರಿ ಅಂತಾರಲ್ಲ ಹಾಗೆ ಕೊಂಕಣಿಯಲ್ಲಿ. ಈಗಿರೋ ಇಂಗ್ಲಿಷ್ ಪೋಸ್ಟರನ್ನ ನಮ್ಮಲ್ಲಿ ಯಾರೋ ಐಸ್ ಬಾಕ್ಸ್ ಮೇಲೆ ಹಾಸಿದ್ದಾರೆ. ಪತ್ರಿಕೆಯವ್ರಿಗೂ ಒಂದು ಪ್ರತಿ ಕಳಿಸಿ ಪುಣ್ಯ ಕಟ್ಕೊಳ್ಳಿ, ತಾಟೆ ಫೋಟೋ ಹಾಕಿ ‘ಬಲೆಗೆ ಬಿದ್ದ ಮರಿ ತಿಮಿಂಗಿಲ’ ಅಂತ ಬರೆಯೋದು ನಿಲ್ಲಬಹುದು.

ಎರಡನೇದು ಅಳತೆ. ಕೇರಳದವ್ರು 2015ರಲ್ಲಿ 14 ಜಾತಿ ಮೀನಿಗೆ ಇಷ್ಟು ಉದ್ದಕ್ಕಿಂತ ಸಣ್ಣದು ಹಿಡಿಯೋ ಹಾಗಿಲ್ಲ ಅಂತ ಮಾಡಿದ್ರು, 2017ರಲ್ಲಿ ಅದನ್ನ 58 ಮಾಡಿದ್ರು. ನಮ್ಮಲ್ಲೂ ತಾಟೆಗೆ ಇಂಥದ್ದು ಮಾಡುವಾಗ ದಯವಿಟ್ಟು ಎಲ್ಲಾ ತಾಟೆಗೂ ಒಂದೇ ಅಳತೆ ಇಡ್ಬೇಡಿ. ಎರಡಡಿ ಅಂತ ಇಟ್ರೆ ಬಲಿತ ಕರಣೆ ಮೂತಿ ಹಿಡಿದ ಬಡ ದೋಣಿಯವನಿಗೆ ದಂಡ ಬೀಳತ್ತೆ, ಒಂದಡಿ ಅಂತ ಇಟ್ರೆ ಸುತ್ತಿಗೆ ತಲೆ ಕೂಸೆಲ್ಲ ಕಾನೂನು ಪ್ರಕಾರವೇ ಕ್ರೇಟಿಗೆ ಬರತ್ತೆ. ಜಾತಿಗೊಂದು ಅಳತೆ ಇರ್ಲಿ, ಅದೂ ಬೋಟಿನವ್ರನ್ನ ಕೂರಿಸ್ಕೊಂಡು ಮಾತಾಡಿ.

ಜೀವ ಇರೋದನ್ನ ಬಿಡೋಕೆ ದಾರಿ ಮಾಡಿ. ಬಂಡೆ ಸಂದಿಯಲ್ಲಿ ಇರೋ ಬಿದಿರು ತಾಟೆ, ಬ್ಯಾಂಬೂ ಶಾರ್ಕ್ ಅಂತಾರೆ, ಮೊಟ್ಟೆ ಇಡೋ ಜಾತಿ, ಅದು ಬಂದರಿಗೆ ಬಂದ ಮೇಲೂ ಕ್ರೇಟಲ್ಲಿ ಹೊರಳಾಡ್ತಾ ಇರತ್ತೆ, ಅಷ್ಟು ಗಟ್ಟಿ ಜೀವ. ಅದಕ್ಕೆ ರೇಟೂ ಇಲ್ಲ. ಸಮುದ್ರದಲ್ಲೇ ಬಿಟ್ರೆ ಬದುಕತ್ತೆ, ಯಾರೂ ಹೇಳಿಲ್ಲ ಅಂತ ಯಾರೂ ಬಿಡಲ್ಲ. ಕಂತಬಲೆ (ನೀರಲ್ಲಿ ಗೋಡೆ ಥರ ನಿಲ್ಲೋ ಬಲೆ) ಹಾಕೋ ನಾಡದೋಣಿಯವ್ರಿಗೆ ಬಲೆ ಬೇಗ ಎತ್ತಿದ್ರೆ ಮರಿ ಜೀವಂತ ಸಿಗತ್ತೆ, ಬಿಡಿಸೋವಾಗ ಬಲೆ ಹರಿಯತ್ತೆ ಅನ್ನೋದೇ ತೊಂದರೆ. ಗುಜರಾತಲ್ಲಿ ತಿಮಿಂಗಿಲ ಶಾರ್ಕ್ ಬಲೆಗೆ ಬಿದ್ರೆ ಬಲೆ ಕುಯ್ದು ಬಿಟ್ಟವ್ರಿಗೆ ಅಲ್ಲಿನ ಅರಣ್ಯ ಇಲಾಖೆ ಬಲೆ ದುಡ್ಡು ಕೊಡತ್ತೆ, 2004ರಲ್ಲಿ ರಾಮಕಥೆ ಹೇಳೋ ಮೊರಾರಿ ಬಾಪು ಅವ್ರೇ ನಿಂತು ಅದನ್ನ ಮನೆಗೆ ಹೆರಿಗೆಗೆ ಬಂದ ಮಗಳು ಅಂತ ಊರೂರಲ್ಲಿ ಹೇಳಿದ್ರು, ಅದೇ ಕೈಗಳು ಹಿಂದೆ ಅದನ್ನ ಕೊಲ್ತಾ ಇದ್ದದ್ದು. ನಲವತ್ತಡಿ ಮೀನಿಗೆ ಆಗೋದು ಒಂದೂವರೆ ಅಡಿಗೆ ಯಾಕಾಗಲ್ಲ ಅಂತ ಕೇಳ್ತಾ ಇದ್ದೀನಿ. ನಮ್ಮಲ್ಲೂ ಹೇಳೋಕೆ ದೈವಸ್ಥಾನಗಳಿವೆ, ಭಜನಾ ಮಂದಿರಗಳಿವೆ, ಮಾತು ಕೇಳೋ ಜನಾನೂ ಇದ್ದಾರೆ.

ಹೋಟೆಲಿನವ್ರಿಗೆ ಒಂದು ಮಾತು. ‘ಬೇಬಿ ಶಾರ್ಕ್’ ಅಂತ ಬೋರ್ಡಲ್ಲಿ ಬರೆಯೋದು ಬಿಡಿ. ಬೇಕಂದ್ರೆ ಕರಣೆ ಮೂತಿ ತಾಟೆ ಅಂತ ಕೇಳಿ ತಗೊಳ್ಳಿ, ಬಲಿತದ್ದೇ ಸಿಗತ್ತೆ, ರುಚೀನೂ ಏನೂ ಕಮ್ಮಿ ಇಲ್ಲ.

ಇದೆಲ್ಲ ಓದಿ ಒಬ್ಬ ಲೆಕ್ಕ ಬರೆಯೋಳು ಸಮುದ್ರದ ಬಗ್ಗೆ ಏನು ಮಾತಾಡ್ತಾಳೆ ಅನ್ಸಿದ್ರೆ ಅನ್ಸಲಿ. ನವರಾತ್ರಿ ಕಳೆದ ಆ ದಿನದಿಂದ ನಾನು ಒಂದು ನೂರು ಪೇಜಿನ ನೋಟ್‌ಬುಕ್ ಇಟ್ಟಿದ್ದೀನಿ, ಗೀಟು ಹಾಕಿ ನಾಲ್ಕು ಕಾಲಂ ನಾನೇ ಮಾಡಿದ್ದೀನಿ, ಬೋಟಿನ ಹೆಸ್ರು ಬರೆದಿಲ್ಲ, ಯಾರಿಗೂ ಇದ್ರಿಂದ ತೊಂದ್ರೆ ಆಗಬಾರದು, ತಾರೀಕು, ಬಲೆ ಹಾಕಿದ ಜಾಗ ತಂಡೇಲ ಹೇಳಿದಷ್ಟು, ಯಾವ ಜಾತಿ, ಹೊಕ್ಕುಳು ಗುರುತು ಇತ್ತೋ ಇಲ್ವೋ. ತಪ್ಪುಗಳಿರಬಹುದು, ಒಂದೆರಡು ಪೇಜು ಮೀನು ನೀರು ಬಿದ್ದು ಹಾಳಾಗಿದೆ. ಅಧಿಕಾರಿಗಳಲ್ಲಿ ಯಾರಾದ್ರೂ ಬಂದ್ರೆ ಕೊಡ್ತೀನಿ. ಬೆಳಿಗ್ಗೆ ಐದಕ್ಕೆ ಮುಂಚೆ ಬನ್ನಿ, ಆಮೇಲೆ ಹರಾಜು ಶುರುವಾದ್ರೆ ನಂಗೆ ತಲೆ ಎತ್ತೋಕೆ ಆಗಲ್ಲ.

ಇಂತಿ ತಮ್ಮ ವಿಶ್ವಾಸಿ,
ಕರಾವಳಿಯ ಒಂದು ಬಂದರಿನ ಲೆಕ್ಕ ಬರೆಯೋಳು